ಹೆಲ್‌ಸ್ಟನ್ನಿನ ಬ್ಲೂ ಆಂಕರ್: ಸ್ಪಿಂಗೊ ಸವಿಯಲು ಹೊರಟವರಿಗೆ

ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ಗೆ ಹೋಗುವ ನಮ್ಮವರು ಸೇಂಟ್ ಐವ್ಸ್‌ನ ಕಡಲತೀರ ನೋಡಿ, ಲ್ಯಾಂಡ್ಸ್ ಎಂಡ್‌ನ ಫಲಕದ ಮುಂದೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಹೆಲ್‌ಸ್ಟನ್ ಎಂಬ ಊರು ದಾರಿಯಲ್ಲಿ ಸಿಕ್ಕರೂ ಇಳಿಯುವುದಿಲ್ಲ. ಇಳಿಯಿರಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಲ್ಲಿನ ಕಾಯಿನೇಜ್‌ಹಾಲ್ ಬೀದಿಯಲ್ಲಿ ಬ್ಲೂ ಆಂಕರ್ ಎಂಬ ಹಳೆಯ ಪಬ್ ಇದೆ. ಹುಲ್ಲಿನ ಛಾವಣಿ, ಕಲ್ಲಿನ ಗೋಡೆ. ಹಿತ್ತಲಲ್ಲಿ ಏಲ್ ಎಂಬ ಬಗೆಯ ಬಿಯರ್ ತಯಾರಿಸಿ ಮುಂದಿನ ಕೋಣೆಯಲ್ಲಿ ಮಾರುವ ಮನೆ ಅದು. ಆ ಏಲ್‌ಗೆ ಸ್ಪಿಂಗೊ ಎಂದು ಹೆಸರು.

15ನೇ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳು ತಂಗುತ್ತಿದ್ದ ಮನೆಯಂತೆ ಇದು. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ ಮೇಲೆ ಪಾನಗೃಹವಾಯಿತು. ತಾನೇ ತಯಾರಿಸಿ ತಾನೇ ಮಾರುವ ಪಬ್‌ಗಳು ಒಂದು ಕಾಲಕ್ಕೆ ಬ್ರಿಟನ್ನಿನ ಊರೂರಲ್ಲೂ ಇದ್ದವು. ದೊಡ್ಡ ಕಾರ್ಖಾನೆಗಳು ಬಂದು, 1970ರ ದಶಕದ ಹೊತ್ತಿಗೆ ಅಂಥವು ಇಡೀ ದೇಶದಲ್ಲಿ ನಾಲ್ಕೇ ನಾಲ್ಕು ಉಳಿದಿದ್ದವು. ಆ ನಾಲ್ಕರಲ್ಲಿ ಬ್ಲೂ ಆಂಕರ್ ಒಂದು. ಹೆಚ್ಚಿನ ಪಬ್‌ಗಳಿಗಾಗಿ ನಾನು ಇಷ್ಟು ದೂರ ಹೋಗಿ ಎನ್ನುವುದಿಲ್ಲ, ಇದಕ್ಕೆ ಹೋಗಬೇಕು.

ಯಾವ ದಿನ ಹೋಗುತ್ತೀರಿ ಎಂಬುದು ಬಹಳ ಮುಖ್ಯ. ಮೇ 8ರಂದು ಊರಿನಲ್ಲಿ ಫ್ಲೋರಾ ಡೇ ಎಂಬ ವಸಂತದ ಹಬ್ಬ. (8ನೇ ತಾರೀಖು ಭಾನುವಾರವೋ ಸೋಮವಾರವೋ ಆದರೆ ಹಿಂದಿನ ಶನಿವಾರಕ್ಕೆ ಬರುತ್ತದೆ.) ಬೆಳಗಿನ ಏಳು ಗಂಟೆಯಿಂದಲೇ ಕುಣಿತ ಶುರು. ಮಧ್ಯಾಹ್ನದ ಕುಣಿತದಲ್ಲಿ ಎತ್ತರದ ಟೋಪಿಯ ಗಂಡಸರು, ಉದ್ದ ನಿಲುವಂಗಿಯ ಹೆಂಗಸರು ಜೋಡಿಜೋಡಿಯಾಗಿ ಮನೆ, ಅಂಗಡಿಗಳ ಒಳಹೊಕ್ಕು ಹೊರಬರುತ್ತಾರೆ. ನೋಡಲೇಬೇಕಾದ ಹಬ್ಬ. ಆದರೆ ಅಂದು ಪಬ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಉಳಿದುಕೊಳ್ಳಲು ಕೋಣೆ ಬೇಕಾದರೆ ತಿಂಗಳುಗಳ ಮೊದಲೇ ಕಾದಿರಿಸಬೇಕು. ಪಬ್ಬೇ ನಿಮ್ಮ ಗುರಿಯಾಗಿದ್ದರೆ ವಾರದ ನಡುವಿನ ಯಾವುದಾದರೂ ಸಾಧಾರಣ ದಿನ, ಮಧ್ಯಾಹ್ನ ಮೂರರ ಸುಮಾರಿಗೆ ಹೋಗಿ. ಆ ಹೊತ್ತಿಗೆ ಒಳಗೆ ಊರಿನವರೇ ಇರುತ್ತಾರೆ, ಅವರಿಗೂ ಮಾತಿಗೆ ಪುರುಸೊತ್ತಿರುತ್ತದೆ.

ಹೆಲ್‌ಸ್ಟನ್‌ಗೆ ರೈಲಿಲ್ಲ. ಪ್ರಯಾಣಿಕರ ರೈಲು 1962ರಲ್ಲೇ ನಿಂತಿತು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ರೆಡ್‌ರೂತ್‌ಗೆ ಸುಮಾರು ಐದು ಗಂಟೆಯ ರೈಲು, ಅಲ್ಲಿಂದ ಬಸ್. ಪೆನ್ಜಾನ್ಸ್, ಫಾಲ್‌ಮತ್ ಕಡೆಯಿಂದಲೂ ಬಸ್ಸುಗಳಿವೆ. ರಾತ್ರಿ ಮಲಗಿ ಬರುವ ನೈಟ್ ರಿವಿಯೆರಾ ರೈಲು ನನಗೆ ಇಷ್ಟ, ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯುತ್ತದೆ. ಶನಿವಾರ ರಾತ್ರಿ ಮಾತ್ರ ಅದು ಓಡುವುದಿಲ್ಲ. ಸಂಜೆಯ ಮೇಲೆ ಮತ್ತು ಭಾನುವಾರ ಬಸ್ಸುಗಳು ವಿರಳ, ಹಾಗಾಗಿ ಕೊನೆಯ ಬಸ್ಸನ್ನು ನಂಬದೆ ಹೆಲ್‌ಸ್ಟನ್‌ನಲ್ಲೇ ರಾತ್ರಿ ಉಳಿಯುವ ಏರ್ಪಾಡು ಮಾಡಿಕೊಳ್ಳಿ. ಕಾರಿನಲ್ಲಿ ಹೋಗುವವರು ಬೀದಿಯ ಎರಡೂ ಬದಿಯಲ್ಲಿ ನೀರು ಹರಿಯುವ ತೆರೆದ ಕಾಲುವೆಗಳನ್ನು ಗಮನಿಸಿ. ಅಂಚಿಗೆ ತಾಗಿಸಿ ನಿಲ್ಲಿಸಲು ಹೋದರೆ ಚಕ್ರ ಅದರೊಳಗೆ ಇಳಿಯುತ್ತದೆ. ಕುಡಿದವರು ಕಾರಿನ ಬೀಗ ಮುಟ್ಟುವುದೇ ಬೇಡ.

ಬಾಗಿಲು ದಾಟಿದರೆ ನಡುವೆ ಒಂದು ಓಣಿ, ಎರಡೂ ಪಕ್ಕ ಸಣ್ಣ ಕೋಣೆಗಳು. ನೆಲಕ್ಕೆ ಸವೆದ ಚಪ್ಪಡಿ ಕಲ್ಲು, ಸೂರು ತಗ್ಗು. ಎತ್ತರದವರು ತಲೆ ನೋಡಿಕೊಳ್ಳಬೇಕು. ಮೇಜಿನ ಬಳಿಗೆ ಯಾರೂ ಬಂದು ಕೇಳುವುದಿಲ್ಲ, ಕೌಂಟರಿಗೆ ಹೋಗಿ ಹೇಳಿ, ಅಲ್ಲೇ ಹಣ ಕೊಟ್ಟು, ಲೋಟ ಹಿಡಿದುಕೊಂಡು ಬರಬೇಕು. ಟಿಪ್ಸ್ ಕೊಡುವ ವಾಡಿಕೆಯಿಲ್ಲ. ಸಾಲು ಕಾಣದಿದ್ದರೂ ಸರದಿ ಇದೆ: ನಿಮಗಿಂತ ಮೊದಲು ಬಂದವರು ಯಾರೆಂದು ನೀವೇ ನೆನಪಿಟ್ಟುಕೊಂಡು ಅವರಿಗೆ ಬಿಟ್ಟುಕೊಡಿ. ಈ ಒಂದು ಸೌಜನ್ಯಕ್ಕೆ ಊರಿನವರು ತುಂಬ ಬೆಲೆ ಕೊಡುತ್ತಾರೆ.

ಸ್ಪಿಂಗೊದಲ್ಲಿ ಹಲವು ಬಗೆ. ಮಿಡಲ್ ಎಂಬುದರಲ್ಲಿ ಮದ್ಯಸಾರ ಶೇ 5, ಸ್ಪೆಷಲ್‌ನಲ್ಲಿ ಶೇ 6.6. ಎರಡೂ ನಾಲಿಗೆಗೆ ಮೃದುವಾಗಿ ತೋರುತ್ತವೆ, ತಲೆಗೆ ಹಾಗಲ್ಲ. ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಅರ್ಧ ಪಿಂಟ್ ಕೇಳುವುದರಲ್ಲಿ ಸಂಕೋಚವೇನಿಲ್ಲ. ನಾನು ಅರ್ಧ ಪಿಂಟ್ ಮಿಡಲ್ ಕೇಳಿದೆ. ಕೌಂಟರಿನಲ್ಲಿದ್ದ ಹೆಂಗಸು ಲೋಟವನ್ನು ಓರೆಯಾಗಿ ಹಿಡಿದು, ಪಂಪಿನ ಹಿಡಿಯನ್ನು ನಿಧಾನಕ್ಕೆ ಎಳೆದು, ಅರ್ಧ ತುಂಬಿದಾಗ ನಿಲ್ಲಿಸಿದರು. ಕದಡಿದ ಕಂದು ಬಣ್ಣ ತಳದಿಂದ ತಿಳಿಯಾಗುತ್ತ ಬಂತು, ನೊರೆ ಮೇಲೆ ಒಂದು ಬೆರಳಷ್ಟು ನಿಂತಿತು. ಆಮೇಲೆ ಉಳಿದದ್ದನ್ನು ತುಂಬಿ ಕೊಟ್ಟರು. ಮೂಗಿನ ಬಳಿ ತಂದರೆ ಪಾಕ ಏರಿದ ಬೆಲ್ಲದ ಹಾಗೆ ಗಾಢವಾದ ಪರಿಮಳ, ಕುಡಿದ ಮೇಲೆ ಕೊನೆಗೆ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ.

ನಮ್ಮಲ್ಲಿ ಬಿಯರ್ ಎಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು. ಇಲ್ಲಿ ಅದನ್ನು ನಿರೀಕ್ಷಿಸಬೇಡಿ. ಇಂಥ ಏಲ್ ಪೀಪಾಯಿಯೊಳಗೂ ಹುದುಗುತ್ತಲೇ ಇರುತ್ತದೆ, ಹೊರಗಿನ ಅನಿಲ ತುಂಬುವುದಿಲ್ಲ, ನೆಲಮಾಳಿಗೆಯ ತಂಪಿನಲ್ಲಿ, ಅಂದರೆ 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ಕೊಡುತ್ತಾರೆ. ಮಂಜುಗಡ್ಡೆ ಕೇಳಿದರೆ ಈ ರುಚಿಯೆಲ್ಲ ಸತ್ತುಹೋಗುತ್ತದೆ. ಮೊದಲ ಗುಟುಕು ಸಪ್ಪೆ ಎನಿಸಬಹುದು, ನಾಲ್ಕನೆಯದರವರೆಗೆ ತಾಳಿಕೊಳ್ಳಿ.

ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಲೇಬೇಕು. ಪೀಪಾಯಿಯ ಏಲ್‌ಗಳನ್ನು ತಿಳಿಯಾಗಿಸಲು ಬ್ರಿಟನ್ನಿನಲ್ಲಿ ಬಹಳ ಕಡೆ ಐಸಿಂಗ್ಲಾಸ್ ಬಳಸುತ್ತಾರೆ, ಅದು ಮೀನಿನ ಗಾಳಿಚೀಲದಿಂದ ಬರುವ ವಸ್ತು. ಹಾಗಾಗಿ ಯಾವ ಪಬ್‌ನಲ್ಲೇ ಆಗಲಿ, ಕೇಳಿಯೇ ಕುಡಿಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಖಾಲಿ ಹೊಟ್ಟೆಯಲ್ಲಂತೂ ಹೋಗಬೇಡಿ. ಕಾರ್ನ್‌ವಾಲ್‌ನ ಪೇಸ್ಟಿ ಎಂಬ ಹೂರಣ ತುಂಬಿ ಬೇಯಿಸಿದ ತಿನಿಸಿನಲ್ಲಿ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಗೆಡ್ಡೆ ಇರುತ್ತದೆ. ಮಾಂಸ ಬೇಡದವರಿಗೆ ಚೀಸ್ ಮತ್ತು ಈರುಳ್ಳಿಯದು ಬೇಕರಿಗಳಲ್ಲಿ ಸಿಗುತ್ತದೆ. ಒಂದು ತಿಂದರೆ ಸಂಜೆಯವರೆಗೆ ಹಸಿವಾಗದು.

ಹೆಂಗಸರು ಒಬ್ಬರೇ ಹೋಗಬಹುದೇ ಎಂದು ಗೆಳತಿಯರು ಕೇಳುತ್ತಾರೆ. ಧಾರಾಳವಾಗಿ ಹೋಗಬಹುದು. ನನ್ನ ಗಂಡ ಹೊರಗೆ ಊರು ಸುತ್ತುತ್ತಿದ್ದಾಗ ನಾನೊಬ್ಬಳೇ ಮೂಲೆಯ ಬೆಂಚಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿದ್ದ ಹಿರಿಯರು ಯಾವ ಊರು ಎಂದರು. ಕೋಲಾರದ ಕಡೆಯವಳು ಎಂದೆ. "ಚಿನ್ನದ ಗಣಿಯ ಕೋಲಾರವೇ?" ಎಂದು ಅವರು ಲೋಟ ಕೆಳಗಿಟ್ಟು ನನ್ನತ್ತ ತಿರುಗಿ ಕುಳಿತರು. ನನಗೆ ಆಶ್ಚರ್ಯವಾಗಲಿಲ್ಲ, ಸಂತೋಷವಾಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗಳಿಗೆ ಕೈಹಾಕಿದಾಗ ಕರೆತಂದದ್ದು ಈ ಸೀಮೆಯ ಗಣಿಗಾರರನ್ನು. ತವರ, ತಾಮ್ರ ಅಗೆದು ಪಳಗಿದ ಕೈಗಳು ಅವು. ಹೆಲ್‌ಸ್ಟನ್ ಕೂಡ ತವರದ ಊರು: ತವರದ ಗಟ್ಟಿಗಳ ಮೂಲೆ ಕತ್ತರಿಸಿ, ಗುಣ ಪರೀಕ್ಷಿಸಿ, ಸುಂಕ ವಸೂಲು ಮಾಡುತ್ತಿದ್ದ ಕಟ್ಟಡ ಹಿಂದೆ ಇದೇ ಬೀದಿಯಲ್ಲಿತ್ತು. ರೆಡ್‌ರೂತ್ ಬಳಿಯ ಸೌತ್ ಕ್ರಾಫ್ಟಿ ತವರದ ಗಣಿ 1998ರಲ್ಲಿ ಮುಚ್ಚಿತು, ನಮ್ಮ ಕೆಜಿಎಫ್ 2001ರಲ್ಲಿ. ನಮ್ಮ ತಂದೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು ಎಂದು ಹೇಳಿದ ಮೇಲೆ ನಮ್ಮ ಮಾತು ಪಂಪು, ಪಾಳಿ, ಎದೆಗೆ ಕೂರುವ ಕಲ್ಲಿನ ಧೂಳು ಇವುಗಳ ಮೇಲೇ ನಡೆಯಿತು. ಕೋಲಾರದವರು ಯಾರಾದರೂ ಹೋದರೆ ಊರಿನ ಹೆಸರನ್ನು ತಪ್ಪದೆ ಹೇಳಿ.

ಮಾತಿಗೆ ಸೇರುವ ಆಸೆ ಇದ್ದರೆ ಮೊಬೈಲ್ ಚೀಲದೊಳಗಿಡಿ. ಕೇಳದೆ ಜನರ ಫೋಟೊ ತೆಗೆಯಬೇಡಿ, ಇದು ಅವರ ದಿನನಿತ್ಯದ ಜಾಗ. ಹಿತ್ತಲಿನ ಬ್ರೂವರಿ ನೋಡುವ ಮನಸ್ಸಿದ್ದರೆ ಗಿರಾಕಿಗಳು ಕಡಿಮೆ ಇರುವಾಗ ವಿನಯದಿಂದ ಕೇಳಿ ನೋಡಿ, ಇಲ್ಲವೆಂದರೆ ಒತ್ತಾಯ ಬೇಡ.

ಮರುದಿನ ಬೆಳಿಗ್ಗೆ ಪೆನ್‌ರೋಸ್ ತೋಪಿನ ನಡುವೆ, ಲೋ ಪೂಲ್ ಎಂಬ ಸಿಹಿನೀರಿನ ಕೆರೆಯ ದಡ ಹಿಡಿದು ನಡೆಯಿರಿ. ಗಟ್ಟಿ ಬೂಟು ಸಾಕು, ದಾರಿ ಸಲೀಸು. ಕೆರೆಗೂ ಕಡಲಿಗೂ ನಡುವೆ ಲೋ ಬಾರ್ ಎಂಬ ಬೆಣಚುಕಲ್ಲಿನ ದಿಬ್ಬ ಸಿಗುತ್ತದೆ. ಅಲ್ಲಿ ಬೇಕಾದಷ್ಟು ಹೊತ್ತು ಕುಳಿತಿರಿ, ಆದರೆ ಸಮುದ್ರ ಎಷ್ಟೇ ಶಾಂತವಾಗಿ ಕಂಡರೂ ನೀರಿಗಿಳಿಯಬೇಡಿ, ಮಕ್ಕಳನ್ನು ಅಂಚಿಗೂ ಬಿಡಬೇಡಿ. ದಡದಲ್ಲೇ ಆಳ ಹೆಚ್ಚು, ಸೆಳೆತ ಬಲವಾದದ್ದು.