ಗೂಡುದೀಪ ಎದ್ದು ನಿಲ್ಲುವ ಕನ್ನಡ ಕಾರ್ಡು, ಮುಂಬೈಯಿಂದ

ದೀಪಾವಳಿ ಹತ್ತಿರ ಬಂತೆಂದರೆ ಮುಂಬೈಯ ಗಲ್ಲಿಗಲ್ಲಿಯಲ್ಲೂ ಕಂದೀಲು ತೂಗುತ್ತದೆ. ಊರಲ್ಲಿ ಗೂಡುದೀಪ ಎನ್ನುವುದು ಇದನ್ನೇ. ಅಂಗಡಿಯಲ್ಲಿ ಸಿಗುವ ಶುಭಾಶಯದ ಕಾರ್ಡುಗಳು ಮಾತ್ರ ಹೆಚ್ಚಾಗಿ ಇಂಗ್ಲಿಷಿನವು, ಇಲ್ಲವೇ ಹಿಂದಿ, ಮರಾಠಿಯವು. ಕನ್ನಡದ್ದು ಬೇಕಿದ್ದರೆ ಮನೆಯಲ್ಲೇ ಮಾಡಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಬಿಡಿಸಿದ ಆಕಾರವನ್ನು ಬ್ಲೇಡಿನಿಂದ ಕಾಗದದಲ್ಲಿ ಕತ್ತರಿಸಿಕೊಡುವ ಕ್ರಿಕಟ್‌ನಂಥ ಕಟಿಂಗ್ ಮಷೀನ್ ಇದ್ದರೆ ಅದೇನೂ ಕಷ್ಟವಲ್ಲ. ಆದರೆ ಮಷೀನಿನ ಜೊತೆ ಬರುವ ಸೂಚನೆಗಳಲ್ಲಿ ಇಲ್ಲಿನ ತೇವದ ಹವೆಯೂ ಇಲ್ಲ, ನಮ್ಮ ಒತ್ತಕ್ಷರವೂ ಇಲ್ಲ. ಕಾರ್ಡು ಕೆಡುವುದು ಈ ಎರಡು ಕಡೆಯಲ್ಲೇ.

ಕಾಗದಕ್ಕೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಹೋಗಿ. ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದರೆ ನಡೆದೇ ತಲುಪಬಹುದು. ಹೊಳಪಿನ ಆರ್ಟ್ ಕಾರ್ಡ್ ತೋರಿಸಿದರೆ ಬೇಡ ಅನ್ನಿ. ಅದರ ಮೇಲಿನ ಲೇಪ ಮಡಿಕೆಯಲ್ಲಿ ಬಿರಿದು ಒಳಗಿನ ಬಿಳಿ ಹಲ್ಲುಹಲ್ಲಾಗಿ ಕಾಣುತ್ತದೆ. ಲೇಪವಿಲ್ಲದ, ಒಳಗೂ ಅದೇ ಬಣ್ಣವಿರುವ 200ರಿಂದ 220 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಕಾಗದ ಕೇಳಿ. ಸ್ಯಾಂಪಲ್ ತುಂಡೊಂದನ್ನು ಹರಿದು ನೋಡಿದರೆ ಒಳಬಣ್ಣ ಗೊತ್ತಾಗುತ್ತದೆ. ಕ್ರಿಕಟ್‌ನ ಮೀಡಿಯಂ ಕಾರ್ಡ್‌ಸ್ಟಾಕ್ ಸೆಟ್ಟಿಂಗ್ 216 ಜಿಎಸ್‌ಎಂ ಲೆಕ್ಕದ್ದು, ಹಾಗಾಗಿ ಈ ದಪ್ಪಕ್ಕೆ ಹೆಚ್ಚು ಹೊಂದಾಣಿಕೆ ಬೇಕಾಗುವುದಿಲ್ಲ. 300 ಜಿಎಸ್‌ಎಂ ಕೂಡ ಕತ್ತರಿಸುತ್ತದೆ, ಆದರೆ ಸಣ್ಣ ಅಕ್ಷರದ ತಿರುವುಗಳು ಚೊಕ್ಕವಾಗಿ ಬರುವುದಿಲ್ಲ.

ಕಾರ್ಡಿನ ಕೆಲಸ ಶುರುವಾಗುವುದು ಸೆಪ್ಟೆಂಬರಿನಲ್ಲಿ. ಆಗ ಇಲ್ಲಿ ಮಳೆ ಇನ್ನೂ ಹೋಗಿರುವುದಿಲ್ಲ. ಬಿಚ್ಚಿಟ್ಟ ಹಾಳೆ ರಾತ್ರಿ ಕಳೆಯುವುದರೊಳಗೆ ನೀರ ಪಸೆ ಹೀರಿ ಮೆತ್ತಗಾಗುತ್ತದೆ. ಮೆತ್ತಗಾದ ನಾರನ್ನು ಬ್ಲೇಡು ಕತ್ತರಿಸುವುದಿಲ್ಲ, ಎಳೆಯುತ್ತದೆ. ಅಂಚಿನಲ್ಲಿ ನೂಲುನೂಲಾಗಿ ಎದ್ದರೆ ಬ್ಲೇಡು ಬದಲಿಸುವ ಮುಂಚೆ ಕಾಗದವನ್ನು ಅನುಮಾನಿಸಿ. ಜಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಳೆಗಳನ್ನು ಮಲಗಿಸಿಡಿ. ಆಗಾಗಿನ ಕೆಲಸಕ್ಕೆ ಬೇಕಾದಷ್ಟನ್ನೇ ಹೊರಗೆ ತೆಗೆಯಿರಿ. ಎಸಿ ಇರುವ ಕೋಣೆಯಾದರೆ ಇನ್ನೂ ಒಳ್ಳೆಯದು.

ಅಳತೆ ಸರಳ. ಎ4 ಹಾಳೆಯನ್ನು ಅರ್ಧ ಮಾಡಿದರೆ 148×210 ಮಿ.ಮೀ. ಅದನ್ನು ನಡುವೆ ಮಡಚಿದರೆ 105×148. ಇದು 114×162 ಅಳತೆಯ ಸಿ6 ಲಕೋಟೆಯಲ್ಲಿ ಸಲೀಸಾಗಿ ಕೂರುತ್ತದೆ. ಅರ್ಧ ಮಾಡುವ ಕೆಲಸವನ್ನು ಮಷೀನಿಗೆ ಬಿಡಬೇಡಿ. ಕಾಗದ ಹಚ್ಚಿ ಮಷೀನಿಗೆ ಕೊಡುವ 12 ಇಂಚಿನ ಜಿಗುಟು ಮ್ಯಾಟಿನಲ್ಲಿ ಬ್ಲೇಡು ಓಡುವ ಹರವು 11.5 ಇಂಚು, ಅಂದರೆ 292 ಮಿ.ಮೀ. ಎ4ರ ಉದ್ದ 297. ಆದ್ದರಿಂದ ಮೊದಲು ಕಾಗದ ನೇರಕ್ಕೆ ಕತ್ತರಿಸುವ ಟ್ರಿಮ್ಮರಿನಲ್ಲಿ ಕತ್ತರಿಸಿಕೊಳ್ಳಿ.

ಕಾಗದಕ್ಕೂ ಮರದಂತೆ ಎಳೆಯ ದಿಕ್ಕಿದೆ. ಹಾಳೆಯನ್ನು ಮಡಿಕೆ ಬೀಳದ ಹಾಗೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಾಗಿಸಿ ನೋಡಿ. ಯಾವ ಕಡೆ ಕಡಿಮೆ ಬಲಕ್ಕೆ ಬಾಗುತ್ತದೋ ಆ ಬಾಗಿನ ಗೆರೆಗುಂಟ ಎಳೆ ಹರಿದಿರುತ್ತದೆ. ಮಡಿಕೆಯೂ ಅದೇ ಗುಂಟ ಬರಬೇಕು. ಅಡ್ಡ ಮಡಚಿದರೆ ಎಷ್ಟು ಜೋಪಾನ ಮಾಡಿದರೂ ಬಿರಿಯುವ ಸಂಭವ ಹೆಚ್ಚು.

ಇನ್ನು ಅಕ್ಷರ. ಕಟಿಂಗ್ ಸಾಫ್ಟ್‌ವೇರಿನಲ್ಲೇ ಕನ್ನಡ ಟೈಪು ಮಾಡಿದರೆ ಒತ್ತು, ಗುಣಿತ ಚೆದುರಿ ಬೀಳುವ ಸಂಭವವಿದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬರೆದು, ಎಸ್‌ವಿಜಿ (ಗೆರೆಚಿತ್ರದ ಫೈಲು) ಮಾಡಿ ತರುವುದು ಭದ್ರ. ಫಾಂಟಿಗೆ ನಮ್ಮ ಆಯ್ಕೆ ಬಾಲೂ ತಮ್ಮ. ಮುಂಬೈಯ ಎಕ್ ಟೈಪ್‌ನವರು ರೂಪಿಸಿದ್ದು, ಉಚಿತ. ದಪ್ಪಗೆ ದುಂಡಗಿರುವುದರಿಂದ ಬ್ಲೇಡಿಗೆ ಹೇಳಿ ಮಾಡಿಸಿದಂತಿದೆ. ಅಕ್ಷರದ ಎತ್ತರ 12 ಮಿ.ಮೀ.ಗಿಂತ ಕಡಿಮೆ ಬೇಡ.

‘ದೀಪಾವಳಿ ಹಬ್ಬದ ಶುಭಾಶಯ’ ಎಂದು ಕತ್ತರಿಸಿದರೆ ‘ದೀ’ಯ ದೀರ್ಘ ಒಂದು ಚೂರು, ‘ಬ್ಬ’ದ ಒತ್ತು ಇನ್ನೊಂದು ಚೂರು ಆಗಿ ಬೇರೆಯಾಗುತ್ತವೆ. ಬರೆದದ್ದನ್ನು ‘ಆಬ್ಜೆಕ್ಟ್ ಟು ಪಾತ್’ ಮಾಡಿ, ಅನ್‌ಗ್ರೂಪ್ ಮಾಡಿ, ಒತ್ತನ್ನು ಮೇಲಕ್ಕೆ, ದೀರ್ಘವನ್ನು ಅಕ್ಷರದ ಕಡೆಗೆ ಸರಿಸಿ. ತಾಗಿದರೆ ಸಾಲದು, ಅರ್ಧ ಮಿ.ಮೀ. ಆದರೂ ಒಂದರ ಮೇಲೊಂದು ಏರಬೇಕು. ಆಮೇಲೆ ‘ಯೂನಿಯನ್’ ಕೊಟ್ಟರೆ ಎಲ್ಲ ಒಂದೇ ತುಂಡು. ಅಕ್ಷರವನ್ನು ಕಿಟಕಿಯಂತೆ ಕೊರೆಯುವುದಾದರೆ ತೊಂದರೆ ತಿರುಗಮುರುಗ: ರ, ಠ, ಸೊನ್ನೆಗಳ ಹೊಟ್ಟೆ ಉದುರಿಹೋಗುತ್ತದೆ. ‘ಸಂಕ್ರಾಂತಿ’ಯಲ್ಲಂತೂ ಎರಡು ಸೊನ್ನೆ. ಹೊಟ್ಟೆಯನ್ನು ಅಂಚಿಗೆ ಹಿಡಿದಿಡುವ 1.5 ಮಿ.ಮೀ. ಅಗಲದ ಸೇತುವೆ ಬಿಡಬೇಕು.

ಗೂಡುದೀಪ ಎದ್ದು ನಿಲ್ಲುವುದು ಒಳಹಾಳೆಯಲ್ಲಿ. ಅದರ ಅಳತೆ 144×206, ಹೊದಿಕೆಗಿಂತ, ಅಂದರೆ 148×210ರ ಹೊರಹಾಳೆಗಿಂತ, ಕೊಂಚ ಕಿರಿದು. ನಡುಮಡಿಕೆಗೆ ಲಂಬವಾಗಿ, 30 ಮಿ.ಮೀ. ಅಂತರದಲ್ಲಿ ಎರಡು ಸೀಳು ಬೇಕು. ಮಡಿಕೆಯಿಂದ ಮೇಲಕ್ಕೆ 40, ಕೆಳಕ್ಕೆ 20, ಒಟ್ಟು 60 ಮಿ.ಮೀ. ಉದ್ದ. ಸೀಳುಗಳ ನಡುವಿನ ಪಟ್ಟಿಯಲ್ಲಿ ಮೂರು ಗೀರು (ಕತ್ತರಿಸದೆ, ಮಡಚಲೆಂದು ಒತ್ತಿದ ಗೆರೆ): ಮೇಲೆ 40ರಲ್ಲಿ, ಕೆಳಗೆ 20ರಲ್ಲಿ ಒಳಮಡಿಕೆ (ಗೆರೆ ತಗ್ಗಾಗಿ ಹಿಂದಕ್ಕೆ ಹೋಗುವುದು), ಮೇಲೆ 20ರಲ್ಲಿ ಹೊರಮಡಿಕೆ (ಗೆರೆ ಏಣಾಗಿ ನಮ್ಮತ್ತ ಬರುವುದು). ನಡುಮಡಿಕೆಯ ಗೀರು ಪಟ್ಟಿಯ ಎಡಬಲಕ್ಕೆ 57 ಮಿ.ಮೀ.ನಂತೆ ಮಾತ್ರ. ಪಟ್ಟಿಯ ಮೇಲೂ ಅದನ್ನು ಎಳೆದರೆ ಪಟ್ಟಿ ಪೆಟ್ಟಿಗೆಯಂತೆ ಏಳುವುದೇ ಇಲ್ಲ, ಕುಸಿಯುತ್ತದೆ. ಕಾರ್ಡನ್ನು ಲಂಬಕೋನಕ್ಕೆ ತೆರೆದಾಗ 40 ಎತ್ತರ, 20 ಆಳದ ಮೆಟ್ಟಿಲು ಮೂಡುತ್ತದೆ. ಗೂಡುದೀಪವನ್ನು ಬೇರೆಯಾಗಿ ಕತ್ತರಿಸಿ ಈ ಮೆಟ್ಟಿಲಿನ ಮುಂಭಾಗಕ್ಕೆ ಅಂಟಿಸಿ. ಕಾರ್ಡು ಮುಚ್ಚಿದಾಗ ದೀಪದ ತುದಿ ಮಡಿಕೆಯಿಂದ ಆಳ ಮತ್ತು ಎತ್ತರ ಕೂಡಿದಷ್ಟು ದೂರ ಬರುತ್ತದೆ. ಒಳಹಾಳೆಯ ಅರ್ಧ 103 ಮಿ.ಮೀ. ಆದ್ದರಿಂದ ದೀಪದ ಎತ್ತರ 80 ದಾಟಬಾರದು. ದಾಟಿದರೆ ಮುಚ್ಚಿದ ಕಾರ್ಡಿನಿಂದ ಹೊರಗೆ ಇಣುಕುತ್ತದೆ.

ಕ್ರಿಕಟ್‌ನ ಸಾಫ್ಟ್‌ವೇರ್ ಡಿಸೈನ್ ಸ್ಪೇಸ್‌ನಲ್ಲಿ ಗೀರುಗಳನ್ನು ‘ಸ್ಕೋರ್’ಗೆ ಬದಲಿಸಿ, ಎಲ್ಲವನ್ನೂ ಆಯ್ದು ‘ಅಟ್ಯಾಚ್’ ಒತ್ತುವುದನ್ನು ಮರೆಯಬೇಡಿ. ಮರೆತರೆ ಗೀರು ಮ್ಯಾಟಿನ ಇನ್ನೆಲ್ಲೋ ಮೂಲೆಗೆ ಬೀಳುತ್ತದೆ. ಗೀರಿದ ತೋಡು ಹೊರಗೆ, ಉಬ್ಬು ಒಳಗೆ ಬರುವಂತೆ ಮಡಚುವುದು ಕ್ರಮ. ಅದಕ್ಕಾಗಿ ಹೊದಿಕೆಯನ್ನು ಹೊರಮೈ ಮೇಲಾಗಿ, ಒಳಹಾಳೆಯನ್ನು ಒಳಮೈ ಕೆಳಗಾಗಿ ಮ್ಯಾಟಿಗೆ ಹಚ್ಚಿ. ಒಳಹಾಳೆಯ ಹೊರಮಡಿಕೆಯೊಂದು ಮಾತ್ರ ಉಲ್ಟಾ ಬರುತ್ತದೆ, ಅದನ್ನು ಸ್ಕೇಲಿನ ಅಂಚಿಗೆ ಒತ್ತಿ ಬಗ್ಗಿಸಿ. ಪೂರ್ತಿ ಕತ್ತರಿಸುವ ಮುಂಚೆ ಅದೇ ಕಾಗದದ ತುಂಡಿನಲ್ಲಿ 1 ಸೆಂ.ಮೀ. ಚೌಕ ಕತ್ತರಿಸಿ ನೋಡಿ. ಚೌಕ ಬಿಡಿಸಿಕೊಳ್ಳದಿದ್ದರೆ ಬ್ಲೇಡಿನ ಒತ್ತಡ ಏರಿಸುವುದಕ್ಕಿಂತ ಎರಡು ಸಲ ಓಡಿಸುವುದು ಮೇಲು. ಬ್ಲೇಡಿನ ತುದಿಗೆ ನಾರು ಸಿಕ್ಕಿದ್ದರೆ ಅಲ್ಯೂಮಿನಿಯಂ ಫಾಯಿಲಿನ ಉಂಡೆಗೆ ಹತ್ತಾರು ಬಾರಿ ಚುಚ್ಚಿ ತೆಗೆಯಿರಿ.

ಕತ್ತರಿಸಿದ ಮೇಲೆ ಕಾಗದ ಎಳೆದರೆ ಸುರುಳಿ ಸುತ್ತುತ್ತದೆ. ಮ್ಯಾಟನ್ನು ಕವುಚಿ, ಕಾಗದವನ್ನು ಮೇಜಿಗೆ ಒತ್ತಿಹಿಡಿದು, ಮ್ಯಾಟನ್ನೇ ಬಾಗಿಸಿ ಸುಲಿಯಿರಿ. ಒಳಹಾಳೆಯನ್ನು ಹೊದಿಕೆಗೆ ಕೂಡಿಸಲು ಎರಡೂ ಮೈ ಅಂಟುವ ಟೇಪು ಸಾಕು. ಬಿಳಿ ಗೋಂದಿನ ನೀರಿಗೆ ಈ ಹವೆಯೂ ಸೇರಿ ಹಾಳೆ ಅಲೆಯಾಗುತ್ತದೆ. ಎದ್ದು ನಿಲ್ಲುವ ಪಟ್ಟಿಯ ಹಿಂದೆ ಮಾತ್ರ ಟೇಪು ತಾಗಬಾರದು.

ಲಕೋಟೆಯ ಗಮ್ಮಿಗೂ ಇಲ್ಲಿನ ಪಸೆ ಸಾಕು, ಪೆಟ್ಟಿಗೆಯಲ್ಲಿಟ್ಟಲ್ಲೇ ಮುಚ್ಚಿಕೊಂಡು ಅಂಟಿರುತ್ತದೆ. ತಂದ ದಿನವೇ ಪ್ರತಿ ಲಕೋಟೆಯ ಮುಚ್ಚಳದಡಿ ಒಂದು ಬಟರ್ ಪೇಪರ್ ತುಂಡು ಸಿಕ್ಕಿಸಿಡಿ.