ಅಬಿಸ್ಕೊದಲ್ಲಿ ಶಿವರಾತ್ರಿ ಜಾಗರಣೆ: ಸ್ನೋಶೂ ಕಟ್ಕೊಂಡು ಅರೋರಾ ಹುಡುಕೋಕೆ ಹೋಗೋರಿಗೆ ಒಂದಷ್ಟು ಮಾತು

ಅರೋರಾ, ಅಂದ್ರೆ ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣೋ ಬಣ್ಣದ ಬೆಳಕು, ಅದನ್ನ ನೋಡೋಕೆ ಹೊರಟೋರಿಗೆ ಮೊದಲೇ ಹೇಳಿಬಿಡ್ತೀನಿ, ಅದು ಬಹಳ ಸಲ ಹಸಿರಾಗಿ ಕಾಣೋದೇ ಇಲ್ಲ. ಬೂದಿ ಬಣ್ಣ. ಹಣೆ ಮೇಲೆ ಒಂದೇ ಬೆರಳಲ್ಲಿ ವಿಭೂತಿ ಎಳೆದ ಹಾಗೆ ಆಕಾಶದ ಈ ಕಡೆಯಿಂದ ಆ ಕಡೆಗೆ ಒಂದು ಪಟ್ಟಿ ಅಷ್ಟೇ. ನಾನು ಅದನ್ನ ಮೋಡ ಅಂದ್ಕೊಂಡೆ, ಪಕ್ಕದಲ್ಲಿ ನಿಂತಿದ್ದ ಅಪ್ಪನೂ ಮೋಡ ಅಂದ್ಕೊಂಡ್ರು, ನಮ್ಮ ಗುಂಪಲ್ಲಿದ್ದ ಎಲ್ರೂ ಮೋಡ ಅಂತಾನೇ ಸುಮ್ನೆ ನಿಂತಿದ್ರು, ಕೊನೆಗೆ ಗೈಡ್ ತನ್ನ ಫೋನ್ ಎತ್ತಿ ಮೂರು ಸೆಕೆಂಡ್ ಅಲ್ಲಾಡಿಸದೆ ಹಿಡಿದು ತೋರಿಸಿದಾಗ ಸ್ಕ್ರೀನ್ ತುಂಬಾ ಹಸಿರು! ಒಬ್ಬರು ಅಲ್ಲೇ ಜೋರಾಗಿ ಕೇಳೇಬಿಟ್ರು, ಇಷ್ಟು ದುಡ್ಡು ಕೊಟ್ಟು ಬಂದಿದ್ದು ಫೋನಲ್ಲಿ ನೋಡೋಕಾ ಅಂತ. ನನಗೂ ಆ ಹೊತ್ತಲ್ಲಿ ಹೊಟ್ಟೆ ಉರಿದಿದ್ದು ನಿಜ.

ಆದ್ರೆ ಅದು ಗೈಡ್ ತಪ್ಪಲ್ಲ, ನಮ್ಮ ಕಣ್ಣು ಇರೋದೇ ಹಾಗೆ. ಕತ್ತಲಲ್ಲಿ ಕೆಲಸ ಮಾಡೋ ಕಣ್ಣಿನ ಜೀವಕೋಶಗಳಿಗೆ ಬಣ್ಣ ಗೊತ್ತಾಗಲ್ಲ, ಬರೀ ಬೆಳಕು ಗೊತ್ತಾಗುತ್ತೆ. ಕ್ಯಾಮೆರಾ ಮೂರ್ನಾಲ್ಕು ಸೆಕೆಂಡಿನ ಬೆಳಕನ್ನೆಲ್ಲ ಕೂಡಿ ಹಾಕಿ ಬಣ್ಣ ತೋರಿಸುತ್ತೆ. ಅರೋರಾ ಜೋರಾದಾಗ ಮಾತ್ರ ಬರೀ ಕಣ್ಣಿಗೂ ಹಸಿರು ಸಿಗುತ್ತೆ. ಆ ಫೋಟೋಗಳನ್ನೇ ಮನಸ್ಸಲ್ಲಿ ಇಟ್ಕೊಂಡು ಹೋಗೋರಿಗೆ ಮೊದಲ ಅರ್ಧ ಗಂಟೆ ಬೇಜಾರು ಗ್ಯಾರಂಟಿ, ಅದಕ್ಕೇ ಇದನ್ನ ಮೊದಲಿಗೆ ಬರೆದೆ.

ನಾವು ಹೋಗಿದ್ದು 2024ರ ಮಾರ್ಚ್ ಮೊದಲ ವಾರ. ನಾನು ಸ್ಟಾಕ್‌ಹೋಮಲ್ಲಿ ಕೆಲಸದಲ್ಲಿದೀನಿ, ಅಪ್ಪ ಅರಸೀಕೆರೆಯಿಂದ ವಿಸಿಟರ್ ವೀಸಾದಲ್ಲಿ ಬಂದಿದ್ರು, 63 ವಯಸ್ಸು, ಊರಲ್ಲಿ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಹೋಗೋರು. ದಿನಾಂಕ ಗೊತ್ತು ಮಾಡಿದ್ದೂ ಅಪ್ಪನೇ, ಅದೂ ಪಂಚಾಂಗ ನೋಡಿ. ಮಾರ್ಚ್ 8 ಮಹಾಶಿವರಾತ್ರಿ, ಹೇಗೂ ಜಾಗರಣೆ ಮಾಡ್ಬೇಕು, ಅಲ್ಲೇ ಮಾಡೋಣ ಬಿಡು ಪುಟ್ಟಿ ಅಂದ್ರು. ನಾನು ಮೊದಲು ನಕ್ಕೆ, ಆಮೇಲೆ ಯೋಚನೆ ಮಾಡಿದ್ರೆ ಇದಕ್ಕಿಂತ ಒಳ್ಳೆ ಲೆಕ್ಕ ಇಲ್ಲ. ಶಿವರಾತ್ರಿ ಬರೋದು ಅಮಾವಾಸ್ಯೆ ಹಿಂದಿನ ಚತುರ್ದಶಿಗೆ, ಅಂದ್ರೆ ಚಂದ್ರನ ಬೆಳಕಿನ ಕಾಟ ಇಲ್ಲ. ಜೊತೆಗೆ ಹಗಲು ರಾತ್ರಿ ಸಮ ಆಗೋ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಲ್ಲಿ ಅರೋರಾ ಚಟುವಟಿಕೆ ಸ್ವಲ್ಪ ಹೆಚ್ಚು. ಡಿಸೆಂಬರ್ ಜನವರಿಯಷ್ಟು ಕೊರೆಯೋ ಚಳಿನೂ ಇರಲ್ಲ, ಹಗಲು ಹತ್ತು ಹನ್ನೊಂದು ಗಂಟೆ ಸಿಗುತ್ತೆ. ಕ್ರಿಸ್‌ಮಸ್ ರಜೆಗೆ ಅಂತ ಡಬಲ್ ರೇಟ್ ಕೊಟ್ಟು ಹೋಗೋರಿಗೆ ನಾನು ಹೇಳೋದು ಇದೇ, ಮಾರ್ಚಲ್ಲಿ ಹೋಗಿ.

ಊರು ಯಾವುದು ಅನ್ನೋದು ಅದಕ್ಕಿಂತ ಮುಖ್ಯ. ನಾರ್ವೆಯ ಟ್ರೋಮ್ಸೊ ಕಡೆ ಮಿನಿಬಸ್ಸಲ್ಲಿ ಕೂರಿಸ್ಕೊಂಡು ಮೋಡ ಇಲ್ಲದ ಜಾಗ ಹುಡುಕ್ತಾ ನೂರಾರು ಕಿಲೋಮೀಟರ್ ಓಡಿಸ್ತಾರೆ, ಬೇಕಾದ್ರೆ ಫಿನ್‌ಲ್ಯಾಂಡ್ ಗಡಿ ದಾಟಿನೂ ಹೋಗ್ತಾರೆ. ಸ್ನೋಶೂ (ಹಿಮದಲ್ಲಿ ಕಾಲು ಹೂತುಹೋಗದ ಹಾಗೆ ಕಟ್ಕೊಳ್ಳೋ ಅಗಲದ ಮೆಟ್ಟು) ಟೂರಲ್ಲಿ ಅದು ಆಗಲ್ಲ, ಕಾಲಲ್ಲಿ ನಡೆದು ಮೂರು ಗಂಟೆಗೆ ಎಷ್ಟು ದೂರ ಹೋಗೋಕಾಗುತ್ತೆ, ತಲೆ ಮೇಲೆ ಮೋಡ ಕೂತ್ರೆ ಮುಗೀತು. ಅದಕ್ಕೆ ನಡೆದು ನೋಡ್ಬೇಕು ಅನ್ನೋರು ಆಕಾಶ ಹೆಚ್ಚು ತೆರೆದಿರೋ ಊರನ್ನೇ ಹಿಡೀಬೇಕು, ಅದು ಸ್ವೀಡನ್ ಉತ್ತರದ ಅಬಿಸ್ಕೊ. ನಾರ್ವೆ ಕಡೆ ಸಮುದ್ರದಿಂದ ಬರೋ ಮೋಡಗಳನ್ನ ನಡುವೆ ಇರೋ ಬೆಟ್ಟಗಳು ತಡೆದು ಅಲ್ಲೇ ಸುರಿಸಿಬಿಡ್ತವೆ, ಈ ಕಡೆ ಮಳೆ ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಅಷ್ಟೇ. ನಮ್ಮ ಪಶ್ಚಿಮ ಘಟ್ಟದ ಆ ಕಡೆ ಆಗುಂಬೆ, ಈ ಕಡೆ ಚಿತ್ರದುರ್ಗ ಇದ್ದ ಹಾಗೆ. ಪಕ್ಕದಲ್ಲೇ 70 ಕಿಲೋಮೀಟರ್ ಉದ್ದದ ಟೋರ್ನೆಟ್ರೆಸ್ಕ್ ಸರೋವರ, ಅದರ ಮೇಲೆ ಸುತ್ತ ಮೋಡ ಇದ್ರೂ ಒಂದು ತುಂಡು ಆಕಾಶ ತೆರೆದಿರುತ್ತೆ ಅಂತ ಅಲ್ಲಿ ಎಲ್ರೂ ಹೇಳ್ತಾರೆ, ನೀಲಿ ಕಿಂಡಿ ಅನ್ನೋ ಅರ್ಥದ ಹೆಸರೇ ಇಟ್ಟಿದಾರೆ.

ಈಗ ಬಸ್ ಕಥೆ. ಸ್ಟಾಕ್‌ಹೋಮಿಂದ ರಾತ್ರಿ ರೈಲು, ಸುಮಾರು 18 ಗಂಟೆ, ರೈಲಲ್ಲಿ ನನಗೆ ಏನೂ ತಕರಾರಿಲ್ಲ, ಮಲಗೋಕೆ ಬೆಡ್‌ಶೀಟ್ ದಿಂಬು ಎಲ್ಲ ಕೊಡ್ತಾರೆ, ನಮ್ಮ ತ್ರೀ ಟಯರ್ ಅಭ್ಯಾಸ ಇರೋರಿಗೆ ಸುಖವಾಗೇ ಇರುತ್ತೆ. ಆದ್ರೆ ಆ ಚಳಿಗಾಲ ಆ ಲೈನಿಗೆ ಗ್ರಹಚಾರ ಸರಿ ಇರ್ಲಿಲ್ಲ. 2023ರ ಡಿಸೆಂಬರಲ್ಲಿ ವಾಸ್ಸಿಯೌರೆ ಹತ್ತಿರ ಕಬ್ಬಿಣದ ಅದಿರಿನ ರೈಲು ಹಳಿ ತಪ್ಪಿ ಎರಡು ತಿಂಗಳು ಬಂದ್ ಆಗಿತ್ತು, ರಿಪೇರಿ ಮಾಡಿ ಫೆಬ್ರವರಿಲಿ ಬಿಟ್ಟ ಕೆಲವೇ ದಿನಕ್ಕೆ ಆ ಲೈನಲ್ಲಿ ಇನ್ನೊಂದು ಅದಿರಿನ ರೈಲು ಹಳಿ ತಪ್ಪಿತು. ಹಾಗಾಗಿ ನಮ್ಮನ್ನ ಅಬಿಸ್ಕೊಗಿಂತ ಮುಂಚೆ ಸಿಗೋ ಕಿರುನಾ ಊರಲ್ಲೇ ಇಳಿಸಿ, ಮುಂದಕ್ಕೆ ಬದಲಿ ಬಸ್ ಬರುತ್ತೆ ಅಂದ್ರು. ಎಷ್ಟೊತ್ತಿಗೆ ಅಂತ ಹೇಳೋರು ಯಾರೂ ಇಲ್ಲ. ಕಿರುನಾ ಸ್ಟೇಷನ್ ಊರೊಳಗೂ ಇಲ್ಲ, ಊರಾಚೆ ಒಂದು ತಾತ್ಕಾಲಿಕ ಕಟ್ಟಡ, ಕೂರೋಕೆ ನಾಕು ಬೆಂಚು. ಎರಡು ಗಂಟೆ ಇಪ್ಪತ್ತು ನಿಮಿಷ ಕಾದ್ವಿ. ಬಂದ ಬಸ್ಸಿಗೆ ಅರ್ಧ ಜನಕ್ಕೂ ಸೀಟಿಲ್ಲ, ಲಗೇಜ್ ಡಿಕ್ಕಿ ತುಂಬಿ ಸೂಟ್‌ಕೇಸ್ ತೊಡೆ ಮೇಲೆ, ಟಾಯ್ಲೆಟ್ಟಿಗೆ ಬೀಗ. ಅಪ್ಪಂಗೆ ಶುಗರ್ ಇದೆ, ಆ ತೊಂಬತ್ತೈದು ಕಿಲೋಮೀಟರ್ ಅವರು ಹೇಗೆ ತಡ್ಕೊಂಡ್ರೋ ಅವರಿಗೇ ಗೊತ್ತು. ಕೊನೆಗೆ ಡ್ರೈವರ್ ನಮ್ಮನ್ನ ಇಳಿಸಿದ್ದು ತಪ್ಪು ಸ್ಟಾಪಲ್ಲಿ. ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ: ಅಬಿಸ್ಕೊ ಅಂದ್ರೆ ಎರಡು ಸ್ಟಾಪ್, ಅಬಿಸ್ಕೊ ಓಸ್ಟ್ರಾ ಒಂದು, ಅಬಿಸ್ಕೊ ಟೂರಿಸ್ಟ್‌ಸ್ಟೇಷನ್ ಇನ್ನೊಂದು, ನಡುವೆ ಸುಮಾರು ಎರಡು ಕಿಲೋಮೀಟರ್. ಊರು, ಅಂಗಡಿ, ಹಾಸ್ಟೆಲ್ ಎಲ್ಲ ಓಸ್ಟ್ರಾದಲ್ಲಿ. ನಮ್ಮ ಹಾಸ್ಟೆಲೂ ಅಲ್ಲೇ, ಆದ್ರೆ ಬಸ್ ಅಲ್ಲಿ ನಿಲ್ಲಿಸದೆ ಮುಂದಕ್ಕೆ ಹೋಗಿಬಿಟ್ಟಿತ್ತು. ಹಿಮದಲ್ಲಿ ಸೂಟ್‌ಕೇಸ್ ಚಕ್ರ ತಿರುಗಲ್ಲ, ಎಳೀಬೇಕು. ಬ್ಯಾಕ್‌ಪ್ಯಾಕ್ ತಗೊಂಡ್ ಹೋಗಿ ದಯವಿಟ್ಟು.

ಒಂದು ಸಮಾಧಾನ ಏನಂದ್ರೆ ಯುರೋಪಿಯನ್ ಯೂನಿಯನ್ ನಿಯಮದ ಪ್ರಕಾರ ರೈಲು ಪ್ರಯಾಣ ಒಂದು ಗಂಟೆ ಮೇಲೆ ತಡ ಆದ್ರೆ ಟಿಕೆಟ್ಟಿನ 25%, ಎರಡು ಗಂಟೆ ದಾಟಿದ್ರೆ 50% ವಾಪಸ್ ಕೇಳಬಹುದು, ತೀರಾ ಅಸಾಧಾರಣ ಹವಾಮಾನ ಅಂಥದ್ದು ಬಿಟ್ಟು. ಟಿಕೆಟ್ ಬಿಸಾಡಬೇಡಿ, ಎಷ್ಟೊತ್ತಿಗೆ ಇಳಿದ್ರಿ ಅಂತ ಒಂದು ಫೋಟೋ ತೆಗೆದಿಟ್ಕೊಳ್ಳಿ. ನಮಗೆ ಅರ್ಧ ದುಡ್ಡು ಬಂತು.

ಟೂರಿಗೆ ತಲೆಗೆ 1,350 ಕ್ರೋನಾ, ಆಗಿನ ಲೆಕ್ಕಕ್ಕೆ ಹತ್ತಿರಹತ್ತಿರ 11 ಸಾವಿರ ರೂಪಾಯಿ. ಚಿಕ್ಕ ಗುಂಪು ಅಂತ ಬರೆದಿದ್ರು, ಹೋಗಿ ನೋಡಿದ್ರೆ 19 ಜನ, ಒಬ್ಬನೇ ಗೈಡ್. ನನಗೆ ಸಿಟ್ಟು ಬಂದಿದ್ದು ಇದಕ್ಕೆ. ಕಾಡಲ್ಲಿ ರಾತ್ರಿ ನಡೆಯೋದರ ಬೆಲೆ ಇರೋದೇ ಮೌನದಲ್ಲಿ, 19 ಜನ ಪ್ಲಾಸ್ಟಿಕ್ ಸ್ನೋಶೂ ಹಾಕ್ಕೊಂಡು ಕರಕರ ಅಂತ ನಡೆದ್ರೆ ಸಂತೆ ಇದ್ದಂಗಿರುತ್ತೆ. ಕತ್ತಲಿಗೆ ಕಣ್ಣು ಹೊಂದ್ಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಹಿಂದಿನಿಂದ ಒಬ್ಬರು ಫ್ಲ್ಯಾಶ್ ಹೊಡೆದ್ರೆ ಮತ್ತೆ ಮೊದಲಿಂದ. ಬುಕ್ ಮಾಡೋ ಮುಂಚೆ ಮೇಲ್ ಮಾಡಿ ಗರಿಷ್ಠ ಎಷ್ಟು ಜನ ಅಂತ ಬರಹದಲ್ಲಿ ಉತ್ತರ ತಗೊಳ್ಳಿ, ಎಂಟರ ಮೇಲಿದ್ರೆ ನಾನಂತೂ ಮತ್ತೆ ಹೋಗಲ್ಲ. ಇನ್ನೊಂದು, ಅರೋರಾ ಕಾಣದಿದ್ರೆ ದುಡ್ಡು ವಾಪಸ್ ಇಲ್ಲ ಅನ್ನೋದು ಕೆಳಗೆ ಸಣ್ಣ ಅಕ್ಷರದಲ್ಲಿರುತ್ತೆ. ಅದು ನ್ಯಾಯವೇ, ಅವರು ನಡೆಸಿದ್ದಕ್ಕೆ ತಾನೇ ದುಡ್ಡು ತಗೊಳ್ಳೋದು, ಆದ್ರೆ ಓದ್ಕೊಂಡು ಹೋಗಿ.

ಸ್ನೋಶೂ ಬಗ್ಗೆ ಭಯ ಬೇಡ. ಕಾಲಿಗೆ ಮೊರ ಕಟ್ಕೊಂಡ ಹಾಗೆ ಅಗಲಕ್ಕಿರುತ್ತೆ, ಅಡಿಯಲ್ಲಿ ಕಬ್ಬಿಣದ ಹಲ್ಲು, ಕೈಗೆ ಎರಡು ಕೋಲು. ಕಾಲು ಸ್ವಲ್ಪ ಅಗಲಿಸಿ ನಡೀಬೇಕು, ಹಿಂದಕ್ಕೆ ಹೆಜ್ಜೆ ಇಡಬಾರದು, ತಿರುಗಬೇಕಾದ್ರೆ ಅರ್ಧಚಂದ್ರಾಕಾರ ಸುತ್ತು ಹಾಕಿ ತಿರುಗಬೇಕು. ಹತ್ತು ನಿಮಿಷಕ್ಕೆ ಅಪ್ಪ ನನಗಿಂತ ಮುಂದಿದ್ರು. ನಾವು ನಡೆದಿದ್ದು ಅಬಿಸ್ಕೊ ನ್ಯಾಷನಲ್ ಪಾರ್ಕಿನ ಬರ್ಚ್ ಕಾಡಲ್ಲಿ, 1909ರಲ್ಲೇ ಮಾಡಿದ ಪಾರ್ಕ್ ಅದು, ಗಿಡ್ಡ ಗಿಡ್ಡ ಮರ, ಸೊಟ್ಟ ಸೊಟ್ಟ ಕೊಂಬೆ. ತೊಂದರೆ ಇರೋದು ನಡೆಯೋದರಲ್ಲಿ ಅಲ್ಲ, ನಿಲ್ಲೋದರಲ್ಲಿ. ನಡೆಯುವಾಗ ಬೆವರು ಬರುತ್ತೆ, ಆಮೇಲೆ ಒಂದೂವರೆ ಗಂಟೆ ಆಕಾಶ ನೋಡ್ತಾ ನಿಂತಾಗ ಅದೇ ಬೆವರು ಮೈಮೇಲೆ ಐಸ್ ಆಗುತ್ತೆ. ಅವತ್ತು ಮೈನಸ್ 14. ಹೊರಡುವಾಗ ಸ್ವಲ್ಪ ಚಳಿ ಅನ್ನಿಸ್ತಿರ್ಬೇಕು, ಅಷ್ಟೇ ಬಟ್ಟೆ ಹಾಕ್ಕೊಂಡು ನಡೀರಿ, ದಪ್ಪ ಜಾಕೆಟ್ ಬ್ಯಾಗಲ್ಲಿ ಇಟ್ಕೊಂಡು ನಿಂತ ತಕ್ಷಣ ಹಾಕ್ಕೊಳ್ಳಿ. ಕಾಟನ್ ಬನಿಯನ್ ಬೇಡವೇ ಬೇಡ, ಉಣ್ಣೆದು ಹಾಕಿ. ಎರಡು ಜೊತೆ ಸಾಕ್ಸ್ ತುರುಕಿ ಶೂ ಬಿಗಿ ಮಾಡ್ಕೊಂಡ್ರೆ ಬೆರಳು ಇನ್ನೂ ಬೇಗ ಮರಗಟ್ಟುತ್ತೆ, ಒಂದೇ ಜೊತೆ ದಪ್ಪದ್ದು ಸಾಕು. ಮೇಲಿನ ಓವರಾಲ್, ಬೂಟು ಅವರೇ ಕೊಡ್ತಾರೆ, ಅದಕ್ಕಂತ ಬೆಂಗಳೂರಲ್ಲಿ ಹತ್ತು ಸಾವಿರ ಸುರೀಬೇಡಿ.

ಅಪ್ಪ ಅವತ್ತು ಉಪವಾಸ. ಬೇಡ ಅಪ್ಪ, ಈ ಚಳಿಗೆ ಮೈಗೆ ಊಟ ಬೇಕು, ಶುಗರ್ ಬೇರೆ ಇದೆ ಅಂತ ಬೆಳಿಗ್ಗೆಯಿಂದ ಜಗಳ. ಕೊನೆಗೆ ಹಾಸ್ಟೆಲ್ ಕಿಚನಲ್ಲಿ ಅವಲಕ್ಕಿಗೆ ಬಿಸಿ ಹಾಲು ಬಾಳೆಹಣ್ಣು ಹಾಕಿ ಕೊಟ್ಟೆ, ಕಡ್ಲೆಬೀಜ ಖರ್ಜೂರ ಜೇಬಿಗೆ ತುಂಬಿಸಿದೆ, ಅದಕ್ಕೆ ಒಪ್ಪಿದ್ರು. ನಿಜ ಹೇಳ್ಬೇಕಂದ್ರೆ ಆ ಖರ್ಜೂರ ನಮ್ಮಿಬ್ಬರನ್ನೂ ಕಾಪಾಡ್ತು. ಗೈಡ್ ಬೆಂಕಿ ಹಾಕಿ ಲಿಂಗನ್‌ಬೆರಿ ಅನ್ನೋ ಕೆಂಪು ಕಾಡುಹಣ್ಣಿನ ಜ್ಯೂಸ್ ಬಿಸಿ ಮಾಡಿ ಕೊಟ್ಟ, ಹುಳಿ ಸಿಹಿ, ನಮ್ಮ ಕೋಕಂ ಪಾನಕ ಬಿಸಿ ಮಾಡಿದ ಹಾಗೆ. ಅಲ್ಲಿನ ಮೂಲನಿವಾಸಿ ಸಾಮಿ ಜನ ಅರೋರಾನ ಗುಒವ್‌ಸ್ಸಹಸ್ ಅಂತಾರೆ, ಅದು ಬಂದಾಗ ಶಿಳ್ಳೆ ಹಾಕಬಾರದು ಅಂತ ಹಿರಿಯರ ಮಾತಂತೆ. ಅಪ್ಪ ಇದನ್ನ ಬಹಳ ಗಂಭೀರವಾಗಿ ತಗೊಂಡ್ರು.

ಹತ್ತೂವರೆಗೆ ಎಲ್ರೂ ವಾಪಸ್ ಹೊರಡೋಕೆ ಸ್ಟ್ರಾಪ್ ಬಿಗೀತಿದ್ವಿ, ಆಗ ಆ ಬೂದಿ ಪಟ್ಟಿ ನಡುವೆ ಮುರಿದು ಎರಡಾಯ್ತು. ಒಂದು ತುದಿ ಬೆಳ್ಳಗಾಗಿ, ಹಸಿರಾಗಿ, ನೋಡ್ತಾ ನೋಡ್ತಾ ತಲೆ ಮೇಲಕ್ಕೆ ಹರಿದು ಬಂತು. ಒಗೆದ ಸೀರೆನ ಇಬ್ರು ಎರಡು ಕಡೆ ಹಿಡಿದು ಝಾಡಿಸಿದಾಗ ಅಲೆ ಓಡುತ್ತಲ್ಲ, ಹಾಗೆ. ಕೆಳಗಿನ ಅಂಚಲ್ಲಿ ಗುಲಾಬಿ. ಹಸಿರು ಕೊಡೋದು ನೂರು ಕಿಲೋಮೀಟರಿಗಿಂತ ಮೇಲಿರೋ ಆಕ್ಸಿಜನ್, ಆ ಗುಲಾಬಿ ಅಂಚು ನೈಟ್ರೋಜನ್ ಅಂತ ನಾನು ಓದಿದ್ದೆಲ್ಲ ಆಗ ತಲೆಗೆ ಬರಲೇ ಇಲ್ಲ. ಬಾಯಿ ಮುಚ್ಚದ 19 ಜನವೂ ಸುಮ್ನಾದ್ರು. ಅಪ್ಪ ಟೋಪಿ ತೆಗೆದು ಕೈ ಮುಗಿದು ನಿಂತ್ರು. ಟೋಪಿ ಹಾಕ್ಕೊಳ್ಳಿ ಅಪ್ಪ, ಕಿವಿ ಹೋಗುತ್ತೆ ಅಂತ ಎರಡು ಸಲ ಹೇಳ್ಬೇಕಾಯ್ತು. ಎಂಟು ನಿಮಿಷ ಇರಬಹುದು ಅಷ್ಟೇ, ಆಮೇಲೆ ಮತ್ತೆ ಬೂದಿ. ನಾನು ಒಂದೂ ಒಳ್ಳೆ ಫೋಟೋ ತೆಗೀಲಿಲ್ಲ, ಫೋನ್ ಹೊರಗಿನ ಜೇಬಲ್ಲಿಟ್ಟು 40% ಇದ್ದಿದ್ದು ಚಳಿಗೆ ಆಫ್ ಆಗಿತ್ತು. ಒಳಗಿನ ಜೇಬಲ್ಲಿ, ಮೈಗೆ ತಾಗೋ ಹಾಗೆ ಇಟ್ಕೊಳ್ಳಿ.

ಆಮೇಲೆ ಎರಡು ರಾತ್ರಿ ಪೂರ್ತಿ ಮೋಡ, ಅಬಿಸ್ಕೊ ಆದ್ರೂ ಅಷ್ಟೇ. ಅದಕ್ಕೇ ಕನಿಷ್ಠ ಮೂರು ರಾತ್ರಿ ಇಟ್ಕೊಳ್ಳಿ, ಕೆಪಿ ಇಂಡೆಕ್ಸ್ (ಅರೋರಾ ಎಷ್ಟು ಜೋರಿರಬಹುದು ಅಂತ ಹೇಳೋ 0ಯಿಂದ 9ರವರೆಗಿನ ಅಂಕಿ) ಕಡಿಮೆ ಇದೆ ಅಂತ ರೂಮಲ್ಲಿ ಕೂರಬೇಡಿ, ಧ್ರುವದ ಸುತ್ತ ಬಳೆ ಹಾಗೆ ಅರೋರಾ ಹೆಚ್ಚು ಕಾಣೋ ಪಟ್ಟಿಯ ಅಡಿಯಲ್ಲೇ ಅಬಿಸ್ಕೊ ಇರೋದ್ರಿಂದ ಒಂದು ಎರಡಿದ್ರೂ ಕಾಣುತ್ತೆ, ನೋಡಬೇಕಾದ್ದು ಮೋಡದ ಮ್ಯಾಪ್. ಗೈಡ್ ಇಲ್ಲದೆನೂ ಸರೋವರದ ದಡಕ್ಕೆ ಹೋಗಿ ನೋಡಬಹುದು, ಖರ್ಚಿಲ್ಲ. ಆದ್ರೂ ಒಂದು ರಾತ್ರಿ ಕಾಡೊಳಗೆ ನಡೆದು ಹೋಗಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಆ ಮೇ ತಿಂಗಳಲ್ಲಿ ಸೌರ ಬಿರುಗಾಳಿ ಬಂದು ಲಡಾಖಿನ ಹಾನ್ಲೆಯಲ್ಲೂ ಕೆಂಪು ಬೆಳಕು ಕ್ಯಾಮೆರಾಗೆ ಸಿಕ್ಕಿತ್ತಲ್ಲ, ಆಗ ಊರಿಂದ ಅಪ್ಪ ಫೋನ್ ಮಾಡಿ, ಪೇಪರಲ್ಲಿ ಬಂದಿದೆ, ಆದ್ರೆ ನಾವು ನೋಡಿದ ಹಾಗೆ ಇಲ್ಲ ಪುಟ್ಟಿ ಅಂದ್ರು.

ಊಟದ ವಿಷಯಕ್ಕೆ ಬಂದ್ರೆ ಅಬಿಸ್ಕೊದಲ್ಲಿ ಹೊರಗೆ ತಿನ್ನೋದು ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆನೂ ಕಡಿಮೆ. ಕಿಚನ್ ಇರೋ ಹಾಸ್ಟೆಲ್ ಹಿಡೀರಿ, ಅಕ್ಕಿ, ರವೆ, ಪುಳಿಯೋಗರೆ ಗೊಜ್ಜು ಸ್ಟಾಕ್‌ಹೋಮಿಂದಲೇ ಹೊತ್ಕೊಂಡು ಹೋಗಿ. ಆದ್ರೆ ವಾಪಸ್ ಬರುವಾಗ ಕಿರುನಾದಲ್ಲಿ ನಾಕು ಗಂಟೆ ಸಿಕ್ತು. ಗಣಿಯಿಂದ ನೆಲ ಕುಸೀತಿದೆ ಅಂತ ಇಡೀ ಊರನ್ನೇ ಪಕ್ಕಕ್ಕೆ ಸಾಗಿಸ್ತಿದಾರೆ, 1912ರ ಆ ದೊಡ್ಡ ಮರದ ಚರ್ಚ್ ನಾವು ನೋಡಿದಾಗ ಹಳೇ ಜಾಗದಲ್ಲೇ ಇತ್ತು, 2025ರ ಆಗಸ್ಟಲ್ಲಿ ಅದನ್ನೂ ಗಾಲಿ ಮೇಲಿಟ್ಟು ಎರಡು ದಿನದಲ್ಲಿ ಐದು ಕಿಲೋಮೀಟರ್ ಸರಿಸಿದ್ರು. ಹೊಸ ಊರಲ್ಲಿ ಅಡ್ಡಾಡ್ತಾ ಒಂದು ಥಾಯ್ ಊಟದ ಅಂಗಡಿ ಸಿಕ್ತು. ಬೆರಿ ಹಣ್ಣು ಕೀಳೋಕೆ ಬೇಸಿಗೆಲಿ ಥಾಯ್ಲೆಂಡಿಂದ ಜನ ಈ ಕಡೆ ಬರ್ತಾರೆ, ಸ್ವೀಡನ್ನಲ್ಲಿ ನೆಲೆ ನಿಂತ ಥಾಯ್ ಜನನೂ ಬಹಳ ಇದಾರೆ, ಹಾಗಾಗಿ ಇಷ್ಟು ಉತ್ತರದಲ್ಲೂ ಅನ್ನ ಸಿಗುತ್ತೆ. ಮಧ್ಯಾಹ್ನದ ಬಫೆ ಆಗ 135 ಕ್ರೋನಾ, ಸ್ವೀಡನ್ನಿಗೆ ಅದು ಅಗ್ಗ. ಬಿಸಿ ಅನ್ನ, ತೆಂಗಿನಹಾಲು ಹಾಕಿದ ಕೆಂಪು ಕರಿಯಲ್ಲಿ ತೋಫು, ಬಿದಿರಿನ ಕಳಲೆ, ಹುರಿದ ಎಲೆಕೋಸು, ಒಗ್ಗರಣೆ ಹಾಕಿದ ಹಾಗೆ ಬೆಳ್ಳುಳ್ಳಿ ಘಮ, ಕೊನೆಗೆ ಕಾಫಿ ಎಷ್ಟು ಬೇಕಾದ್ರೂ. ಮೀನಿನ ಸಾಸ್ ಹಾಕಿದೀರಾ ಅಂತ ಕೇಳಿದ್ದಕ್ಕೆ ಆ ಅಮ್ಮ ನಮಗೆ ಅಂತ ಬೇರೆ ಬಾಣಲೆಯಲ್ಲಿ ಸೋಯಾ ಸಾಸಲ್ಲಿ ತರಕಾರಿ ಹುರಿದು ತಂದ್ರು, ದುಡ್ಡು ಹೆಚ್ಚಿಗೆ ತಗೊಳ್ಲಿಲ್ಲ. ಅಪ್ಪ ಅನ್ನ ನೋಡಿದ ರೀತಿ ನೋಡಿ ಎರಡನೇ ಸಲ ಅವರೇ ಬಂದು ಬಡಿಸಿ, ಒಂದು ಬಟ್ಟಲಲ್ಲಿ ಹಸಿಮೆಣಸಿನಕಾಯಿ ಹೆಚ್ಚಿಟ್ಟು ಹೋದ್ರು. ಮೂರು ಸಲ ಹಾಕಿಸ್ಕೊಂಡ್ರು ಅಪ್ಪ. ಇಂಥ ಲಂಚ್ ಬಫೆ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ ಮಾತ್ರ, ಆಮೇಲೆ ಅದೇ ಊಟಕ್ಕೆ ಮೆನು ಕಾರ್ಡ್ ರೇಟ್, ಅದಕ್ಕೆ ತಕ್ಕ ಹಾಗೆ ನಿಮ್ಮ ರೈಲು ನೋಡ್ಕೊಳ್ಳಿ.