ಪೆಟ್ಟಿಗೆ ತಣ್ಣಗಿದೆ

"ಅಲ್ವೋ, ಮುಖವೇ ಇಲ್ಲದ ಪೆಟ್ಟಿಗೆ ಕೆಲಸ ಮಾಡ್ತಿದೆ ಅಂತ ನಿಂಗೆ ಹ್ಯಾಂಗೆ ಗೊತ್ತಾಗ್ತದೆ?" ಸೋಮವಾರ ಅಮ್ಮ ಕೇಳಿದ ಈ ಮಾತು ವಾರವಿಡೀ ನನ್ನ ತಲೆಯಲ್ಲೇ ಸುತ್ತುತ್ತಿದೆ.

ಪೆಟ್ಟಿಗೆ ಅಂದರೆ ನಮ್ಮ ಹಳೇ ಕಂಪ್ಯೂಟರು, ಮುಖ ಅಂದರೆ ಅದರ ಮಾನಿಟರ್. ಹೋದ ವರ್ಷ ಸಿಡಿಲಿಗೆ ಅದು ಸುಟ್ಟುಹೋಯಿತು, ಸಿಪಿಯು ಉಳಿಯಿತು. ಶಿವಮೊಗ್ಗದ ಅಂಗಡಿಯೊಂದರಲ್ಲಿ ತೋರಿಸಿದ್ದಕ್ಕೆ "ಗುಜರಿಗೆ ಹಾಕಿ" ಅಂದರು. ಆ ಮಾತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಗಟ್ಟಿಮುಟ್ಟಾಗಿ ಓಡುವ ಯಂತ್ರವನ್ನು ಪರದೆಯಿಲ್ಲವೆಂದು ಎಸೆಯುತ್ತಾರೆಯೇ? ಒಂದು ದಿನದ ಮಟ್ಟಿಗೆ ಜಗಲಿಯ ಟೀವಿಗೆ ಸಿಕ್ಕಿಸಿ ಡೆಬಿಯನ್ ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ ಹಾಕಿದೆ. ಕೀಬೋರ್ಡ್ ಇಲ್ಲದಿದ್ದರೆ ಶುರುವಿನಲ್ಲೇ ನಿಂತುಬಿಡುತ್ತಿತ್ತು, ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಅದನ್ನೂ ಸರಿಮಾಡಿದೆ. ಆಮೇಲೆ ಅಡಿಕೆ ಚೀಲದ ಕೋಣೆಯಲ್ಲಿಟ್ಟು, ರೌಟರಿಗೆ ಕೇಬಲ್ ಎಳೆದು, ನನ್ನ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಎಂಬ, ದೂರದಿಂದಲೇ ಆಜ್ಞೆ ಕೊಡುವ ದಾರಿಯ ಮೂಲಕ ಕೆಲಸ ಹೇಳತೊಡಗಿದೆ.

ಕೆಲಸ ಎಂದರೆ ಅಪ್ಪಯ್ಯ ಮದ್ದಲೆ ಬಾರಿಸಿದ ಒಂದು ಇಡೀ ರಾತ್ರಿಯ ಯಕ್ಷಗಾನ ಆಟದ ವಿಡಿಯೋ. ತೀರ್ಥಹಳ್ಳಿ ಕಡೆಯ ಬಯಲಿನಲ್ಲಿ ಆಗಿದ್ದು, ತಲಾ ಒಂದು ಗಂಟೆಯ ಆರು ಮಿನಿ ಡಿವಿ ಕ್ಯಾಸೆಟ್ಟು, ಅಂದರೆ ಹಳೇ ವಿಡಿಯೋ ಕ್ಯಾಮೆರಾದ ಪುಟ್ಟ ಟೇಪು. ಗಂಟೆಗೆ ಸುಮಾರು 13 ಜಿಬಿಯಂತೆ ಒಟ್ಟು 78 ಜಿಬಿ. "ಕ್ಲೌಡಿಗೆ ಹಾಕು" ಎನ್ನುವ ಬೆಂಗಳೂರಿನ ಭಾವನಿಗೆ ಮಳೆಗಾಲದ ನಮ್ಮೂರಿನ ನೆಟ್ಟು ನೆನಪಿಲ್ಲ. ವಿಡಿಯೋ ಮಾರ್ಪಡಿಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲಿ ಎಚ್.264 ಎಂಬ, ಜಾಗ ಕಮ್ಮಿ ತಿನ್ನುವ ನಮೂನೆಗೆ ಇಳಿಸುವುದೆಂದು ನಿಶ್ಚಯಿಸಿದೆ. ಸಿಆರ್‌ಎಫ್ (ಗುಣಮಟ್ಟದ ಅಂಕಿ, ಕಮ್ಮಿಯಾದಷ್ಟೂ ಚಿತ್ರ ಚೆನ್ನ) 18 ಇಟ್ಟೆ, ಅಪ್ಪಯ್ಯನ ವಿಷಯದಲ್ಲಿ ಜಿಪುಣತನ ಬೇಡ ಅಂತ. ಆ ಕಾಲದ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರವನ್ನು 50 ಅರ್ಧರ್ಧವಾಗಿ ಹಿಡಿಯುತ್ತದೆ, ಹಾಗೇ ಬಿಟ್ಟರೆ ವೇಷ ಗಿರಕಿ ಹೊಡೆದಾಗ ಕೈಯಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತದೆ. ಬಿಡಬ್ಲ್ಯೂಡಿಫ್ ಎಂಬ ಫಿಲ್ಟರ್ ಹಾಕಿ 50 ಪೂರ್ತಿ ಚಿತ್ರ ಮಾಡಿಸಿದೆ. ಹಳೇ ಯಂತ್ರಕ್ಕೆ ಇದು ಭಾರದ ಹೊರೆ. ಅವಸರದಲ್ಲಿ ಆರನ್ನೂ ಒಂದೇ ಎಂಪಿ4 ಕಡತಕ್ಕೆ ಸೇರಿಸಿ ಮಲಗಿದೆ.

ಮಂಗಳವಾರ ಬೆಳಗ್ಗೆ ಎದ್ದಾಗ ಲ್ಯಾಪ್‌ಟಾಪಿನ ಮೇಲೆ ಚಿತ್ರದ ಎಣಿಕೆ ಹಾಗೇ ಇತ್ತು. ನಡೀತಿದೆ ಅಂದುಕೊಂಡು ಕಾಫಿಗೆ ಕೂತೆ. ಅಮ್ಮ ಕೋಣೆಯಿಂದ ಬಂದವಳು "ಪೆಟ್ಟಿಗೆ ತಣ್ಣಗಿದೆ" ಅಂದಳು.

ರಾತ್ರಿ ಕರೆಂಟು ಹೋಗಿ ಬಂದಿತ್ತು. ರೌಟರೂ ಆರಿಹೋದದ್ದರಿಂದ ನನ್ನ ಪರದೆಯ ಮೇಲಿನ ಕಿಟಕಿಗೆ ಸುದ್ದಿಯೇ ಮುಟ್ಟದೆ ಕೊನೆಯ ಸಾಲನ್ನೇ ಹಿಡಿದು ಕೂತಿತ್ತು. ಹೆಂಚಿನ ಮೇಲಿನ ಮಳೆಯಲ್ಲಿ ಫ್ಯಾನು ನಿಂತದ್ದೂ ಕೇಳಿಸಲಿಲ್ಲ. ಎಂಪಿ4 ತನ್ನ ಸೂಚಿಯನ್ನು ಕೊನೆಗೆ ಬರೆಯುತ್ತದೆ, ನಡುವೆ ನಿಂತರೆ ಕಡತ ತೆರೆಯುವುದೇ ಇಲ್ಲ. ಇಡೀ ರಾತ್ರಿಯ ದುಡಿಮೆ ಮಣ್ಣುಪಾಲು. ನಂಗೆ ಹ್ಯಾಂಗೆ ಗೊತ್ತಾಗ್ತದೆ ಅಂತ ಅಮ್ಮ ಕೇಳಿದ್ದಳಲ್ಲ, ಗೊತ್ತಾಗಿರಲಿಲ್ಲ. ಪರದೆ ಇದ್ದ ನನಗೇ.

ಅಮ್ಮ ಬಚ್ಚಲ ಹಂಡೆಯನ್ನೂ ಹೀಗೇ ನೋಡುವುದು, ಹೆಪ್ಪಿಟ್ಟ ಪಾತ್ರೆಯನ್ನೂ, ಜ್ವರ ಬಂದ ನನ್ನ ಹಣೆಯನ್ನೂ. ಅಂಗೈ ಒಮ್ಮೆ ತಾಗಿಸಿದರೆ ಮುಗಿಯಿತು. ಅದನ್ನು ನಾನು ಯಾಕೆ ಕಲಿಯಲಿಲ್ಲವೆಂದು ಯೋಚಿಸುತ್ತಲೇ ಇದ್ದೇನೆ.

ಮತ್ತೆ ಟೀವಿಗೆ ಸಿಕ್ಕಿಸಿ, ಕರೆಂಟು ಬಂದೊಡನೆ ತಾನೇ ಏಳುವಂತೆ ಬಯಾಸ್‌ನಲ್ಲಿ ಹೇಳಿಕೊಟ್ಟೆ. ಕ್ಯಾಸೆಟ್ಟಿಗೊಂದು ಕಡತ, ಅದೂ ಎಂಕೆವಿ ಎಂಬ ಬೇರೆ ನಮೂನೆಯಲ್ಲಿ. ಅದು ನಡುವೆ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ. ಈಗ ಅಮ್ಮ ದೇವರ ದೀಪ ಹಚ್ಚಿ ಬರುವಾಗ ಪೆಟ್ಟಿಗೆಯ ಮೇಲೆ ಕೈಯಿಟ್ಟೇ ಬರುತ್ತಾಳೆ. ಹೇಳಿದ್ದಲ್ಲ ನಾನು.

ನಿನ್ನೆ ಮೊದಲ ಕ್ಯಾಸೆಟ್ಟು ಹಾಕಿ ತೋರಿಸಿದೆ. ಹಿಮ್ಮೇಳದಲ್ಲಿ ಕೂತ ಅಪ್ಪಯ್ಯ ಎರಡು ಕ್ಷಣ ಕಂಡರು, ಅಷ್ಟರಲ್ಲಿ ವೇಷ ಅಡ್ಡ ಬಂತು. ಹಿಂದಕ್ಕೆ ತಿರುಗಿಸಲು ಕೈ ಚಾಚಿದೆ. ಅಮ್ಮ ತಡೆದಳು.

"ಬಿಡು, ಮದ್ದಲೆ ಕೇಳ್ತದಲ್ಲ."